ನಮ್ಮ ಬೋರ್ಡಿನಲ್ಲಿ ಉತ್ತರ ಇರುವುದಿಲ್ಲ

ಚಿತ್ರದುರ್ಗದ ಕೋಟೆಗೆ ಬಂದವರು ಒನಕೆ ಓಬವ್ವನ ಕಿಂಡಿಯ ಹತ್ತಿರ ಏನು ಮಾಡುತ್ತಾರೆ ಗಮನಿಸಿದ್ದೀರಾ? ಸುಮ್ನೆ ನೋಡಿ ಮುಂದೆ ಹೋಗುವುದಿಲ್ಲ. ಬಗ್ಗಿ ಇಣುಕುತ್ತಾರೆ. ಇದರೊಳಗೆ ಸೈನಿಕರು ನುಸುಳಿದ್ದು ಹೇಗೆ ಅಂತ ತಾವೇ ತಲೆ ತೂರಿಸಿ ನೋಡುತ್ತಾರೆ. ನಾನು ಪಾಠ ಹೇಳುವ ಪ್ರೌಢಶಾಲೆಯ ಖಾಲಿ ಕೊಠಡಿಗಳಲ್ಲಿ ಪುಟ್ಟದೊಂದು ವಿಜ್ಞಾನ ಕೇಂದ್ರ ಶುರು ಮಾಡುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಅದೇ. ಭಾನುವಾರ ಬಾಗಿಲು ತೆರೆಯುತ್ತೇವೆ, ಮನೆಮಂದಿಯೆಲ್ಲ ಬರಬಹುದು. ಗಾಜಿನ ಪೆಟ್ಟಿಗೆ ಇಲ್ಲ, ‘ಮುಟ್ಟಬೇಡಿ’ ಅನ್ನುವ ಚೀಟಿ ಇಲ್ಲ. ಪ್ರತಿ ಮಾದರಿಯ ಪಕ್ಕ ಒಂದು ಪ್ರಶ್ನೆ ಮಾತ್ರ. ಉತ್ತರ ಬರೆದಿಟ್ಟರೆ ಜನ ಅದನ್ನು ಓದಿ, ತಲೆಯಾಡಿಸಿ ಮುಂದಕ್ಕೆ ಹೋಗುತ್ತಾರೆ. ಕೈ ಹಾಕುವುದೇ ಇಲ್ಲ.

ಈ ದಾರಿ ನಾನು ಕಂಡುಹಿಡಿದದ್ದಲ್ಲ. ಭೌತವಿಜ್ಞಾನಿ ಫ್ರಾಂಕ್ ಒಪೆನ್‌ಹೈಮರ್ 1969ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಕ್ಸ್‌ಪ್ಲೊರಟೋರಿಯಂ ಅನ್ನುವ ವಿಜ್ಞಾನ ಸಂಗ್ರಹಾಲಯ ತೆರೆದರು. ಬಂದವರು ಮುಟ್ಟಿ, ತಿರುಗಿಸಿ, ಮಾಡಿ ನೋಡಬೇಕು ಅನ್ನುವುದೇ ಅದರ ಜೀವಾಳ. ಅಲ್ಲಿ ಜನರ ಜೊತೆ ನಿಂತು ಮಾತಾಡುವವರಲ್ಲಿ ಹೈಸ್ಕೂಲ್ ಮಕ್ಕಳೂ ಇದ್ದಾರೆ. ಒಪೆನ್‌ಹೈಮರ್ ಕೂಡ ಕೆಲವು ಕಾಲ ಕೊಲರಾಡೊದ ಸಣ್ಣ ಊರೊಂದರಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಅದನ್ನು ತಿಳಿದಾಗ ನನಗೆ ತುಂಬಾ ಧೈರ್ಯ ಬಂತು.

ನಮ್ಮಲ್ಲಿ ಜನ ಅತಿ ಹೆಚ್ಚು ಹೊತ್ತು ಇರುವುದು ಕತ್ತಲೆ ಕೋಣೆಯಲ್ಲಿ. ರಸ್ತೆ ಕಡೆಯ ಕಿಟಕಿಗಳಿಗೆಲ್ಲ ರಟ್ಟು ಹೊಡೆದು, ಒಂದರಲ್ಲಿ ಮಾತ್ರ ಕಡಲೆಕಾಳಿನಷ್ಟು ತೂತು ಬಿಟ್ಟಿದ್ದೇವೆ. ಎದುರಿಗೆ ಬಿಳಿ ಪಂಚೆ. ಒಳಗೆ ಬಂದ ಕೂಡಲೇ ಏನೂ ಕಾಣುವುದಿಲ್ಲ, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆ ಹೊತ್ತಿನಲ್ಲಿ ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿ ಪಾಠ ಶುರು ಮಾಡುವುದಿಲ್ಲ. ನಿಮ್ಮ ಊರು ಯಾವುದು, ಕೋಟೆ ಹತ್ತಿದ್ರಾ ಅಂತ ಮಾತಾಡಿಸುತ್ತಾಳೆ. ಅಷ್ಟರಲ್ಲಿ ಯಾರೋ ಒಬ್ಬರು ‘ಅಯ್ಯೋ ಬಸ್ಸು!’ ಅನ್ನುತ್ತಾರೆ. ಪಂಚೆಯ ಮೇಲೆ ರಸ್ತೆ ಪೂರ್ತಿ ತಲೆಕೆಳಗಾಗಿ, ಬಣ್ಣದ ಸಮೇತ ಓಡಾಡುತ್ತಿರುತ್ತದೆ.

ಮನೆಯವರಲ್ಲಿ ಒಬ್ಬರನ್ನು ಹೊರಗೆ ಬಿಸಿಲಿಗೆ ಕಳಿಸಿ ಕೈ ಬೀಸಲು ಹೇಳುತ್ತೇವೆ. ಒಮ್ಮೆ ಒಬ್ಬ ಅಜ್ಜಿ, ‘ಯಾಕವ್ವಾ, ನನ್ ಮಗ ತಲೆಕೆಳಗಾಗಿ ನಿಂತಾನಲ್ಲ?’ ಅಂತ ಕೇಳಿದರು. ಹುಡುಗಿ ಉತ್ತರ ಹೇಳಲಿಲ್ಲ. ತೂತಿನಲ್ಲಿ ಪೋಣಿಸಿಟ್ಟಿದ್ದ ಉದ್ದನೆ ದಾರದ ಒಂದು ತುದಿಯನ್ನು ಹೊರಗೆ ಮಗನ ತಲೆಯ ಮಟ್ಟಕ್ಕೆ ಹಿಡಿಸಿದಳು, ಇನ್ನೊಂದನ್ನು ಅಜ್ಜಿಯ ಕೈಗೆ ಕೊಟ್ಟಳು. ‘ಅಜ್ಜಿ, ಬೆಳಕು ನೆಟ್ಟಗೇ ಬರುತ್ತೆ. ದಾರ ಬಿಗಿಯಾಗಿ ಎಳೀರಿ, ಎಲ್ಲಿಗೆ ಹೋಗುತ್ತೆ ನೋಡಿ.’ ದಾರ ಪಂಚೆಯ ಕೆಳಭಾಗಕ್ಕೆ ಹೋಯಿತು. ಕಾಲಿನ ಮಟ್ಟದಿಂದ ಎಳೆದಾಗ ಮೇಲಕ್ಕೆ ಹೋಯಿತು. ಆಮೇಲೆ ಮೊಮ್ಮಕ್ಕಳಿಗೆ ವಿವರಿಸಿದ್ದು ಅಜ್ಜಿಯೇ. ಪಂಚೆಯನ್ನು ತೂತಿನ ಹತ್ತಿರ ತಂದರೆ ಚಿತ್ರ ಚಿಕ್ಕದಾಗಿ ಹೊಳಪಾಗುತ್ತದೆ, ತೂತು ದೊಡ್ಡದು ಮಾಡಿದರೆ ಬೆಳಕು ಜಾಸ್ತಿಯಾಗಿ ಚಿತ್ರ ಮಸುಕಾಗುತ್ತದೆ. ಇದನ್ನೆಲ್ಲ ಬಂದವರೇ ಮಾಡಿ ನೋಡುತ್ತಾರೆ. ಮೋಡ ಇದ್ದ ದಿನ ಈ ಕೋಣೆ ಅಷ್ಟು ಚೆನ್ನಾಗಿರುವುದಿಲ್ಲ, ಬಿಸಿಲು ಬೇಕು. ನಮ್ಮೂರಲ್ಲಿ ಅದಕ್ಕೇನು ಬರವಿಲ್ಲ.

ಮಕ್ಕಳನ್ನು ತಯಾರು ಮಾಡುವಾಗ ನಾನು ಮುಖ್ಯವಾಗಿ ಕಲಿಸುವುದು ಕಾಯುವುದನ್ನು. ಗೊತ್ತಿರುವುದನ್ನು ಹೇಳದೆ ಇರುವುದು ಆ ವಯಸ್ಸಿನಲ್ಲಿ ಬಲು ಕಷ್ಟ. ‘ಏನು ಕಾಣ್ತಿದೆ?’ ಅಂತ ಕೇಳಿ ಸುಮ್ಮನಿರಬೇಕು. ಅಪ್ಪ ಅಮ್ಮ ಮಕ್ಕಳು ತಮ್ಮತಮ್ಮಲ್ಲೇ ವಾದ ಶುರು ಮಾಡಿದರೆ ನಡುವೆ ಬಾಯಿ ಹಾಕಬಾರದು, ಆ ವಾದವೇ ನಮಗೆ ಬೇಕಾದದ್ದು. ಉತ್ತರ ಗೊತ್ತಿಲ್ಲದಿದ್ದರೆ ‘ನನಗೂ ಗೊತ್ತಿಲ್ಲ, ಮಾಡಿ ನೋಡೋಣ’ ಅನ್ನಬಹುದು.

ಇನ್ನೊಂದು ಮೇಜು ನಮ್ಮ ಜಿಲ್ಲೆಯ ಕಲ್ಲಿನದು. ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಶಿಲೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಸುಮಾರು 250 ಕೋಟಿ ವರ್ಷ ಹಳೆಯದು. ಅದನ್ನು ಒಡೆದು ತರುವ ಹಾಗಿಲ್ಲ, ತರಲೂಬಾರದು. ಹಾಗಾಗಿ ದೊಡ್ಡ ಫೋಟೊ ಹಾಕಿದ್ದೇವೆ. ಪಕ್ಕದಲ್ಲಿ ತಣ್ಣೀರಿನ ಬೋಗುಣಿ. ಕರಗಿದ ಮೇಣವನ್ನು ನಾನೇ ಒಂದು ಚಮಚ ನೀರಿಗೆ ಬಿಡುತ್ತೇನೆ, ಅದು ಮಕ್ಕಳ ಕೈಗೆ ಕೊಡುವ ಕೆಲಸ ಅಲ್ಲ. ಸ್ವಲ್ಪ ತಣಿದ ಮೇಲೆ ಮುದ್ದೆಯನ್ನು ಎತ್ತಿ ಅದುಮಿ ನೋಡುತ್ತಾರೆ. ಹೊರಗೆ ಗಟ್ಟಿ ಸಿಪ್ಪೆ, ಒಳಗೆ ಇನ್ನೂ ಮೆತ್ತಗೆ. ನೀರಿನೊಳಗೆ ಉಕ್ಕಿದ ಲಾವಾಕ್ಕೂ ಹೀಗೇ ಥಟ್ಟನೆ ಸಿಪ್ಪೆ ಕಟ್ಟುತ್ತದೆ. ಸಿಪ್ಪೆ ಬಿರಿದು ಒಳಗಿನದು ಹೊರಬಂದರೆ ಪಕ್ಕದಲ್ಲೇ ಇನ್ನೊಂದು ದಿಂಬು.

ಇಲ್ಲಿ ಬೋರ್ಡಿನ ಪ್ರಶ್ನೆ: ‘ಈ ಕಲ್ಲು ಹುಟ್ಟಿದಾಗ ಇಲ್ಲಿ ಏನಿತ್ತು?’ ಸಾವಿರ ಅಡಿ ಕೊರೆಸಿದರೂ ಬೋರ್‌ವೆಲ್‌ನಲ್ಲಿ ನೀರು ಸಿಗದೆ ನೊಂದ ರೈತರೊಬ್ಬರು ಬಹಳ ಹೊತ್ತು ಆ ಫೋಟೊ ನೋಡಿ, ‘ಹಂಗಾದ್ರೆ ಇಲ್ಲಿ ನೀರಿತ್ತಾ ಮೇಷ್ಟ್ರೇ?’ ಅಂದರು. ಇತ್ತು, ಸಮುದ್ರದ ನೀರೇ ಇತ್ತು. ಮುಂದಿನ ವಾರ ಅವರು ಮಕ್ಕಳನ್ನು ಕರೆದುಕೊಂಡು ಮರಡಿಹಳ್ಳಿಗೇ ಹೋಗಿ ಬಂದರು.

ಈಗ ಕೋಟೆಯ ಹೊಂಡಗಳ ಮಾದರಿ ಮಾಡುತ್ತಿದ್ದೇವೆ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕತಂಗಿ ಹೊಂಡದ ಕಡೆ ಇಳಿಯುತ್ತದೆ. ಮಕ್ಕಳು ಪ್ಲಾಸ್ಟಿಕ್ ಟಬ್ಬುಗಳನ್ನು ಮೆಟ್ಟಿಲ ಮೇಲೆ ಜೋಡಿಸಿದ್ದಾರೆ, ಪೈಪು ಇನ್ನೂ ಸೋರುತ್ತಿದೆ. ಬಂದವರು ಚೊಂಬಿನಲ್ಲಿ ನೀರು ಸುರಿದು ಯಾವ ಟಬ್ಬು ಯಾವಾಗ ತುಂಬುತ್ತದೆ ಅಂತ ಮೊದಲೇ ಊಹಿಸಿ ಹೇಳಬೇಕು.