ಬೆವರೇ ಮುಂಗಡ: ಕೈಯಾರೆ ದುಡಿದು ಸ್ವಂತ ಮನೆ ಮಾಡಿಕೊಳ್ಳುವುದು ಹೇಗೆ?

ಮನೆ ಸಾಲ ಕೇಳಲು ಹೋದವರಿಗೆ ಮೊದಲು ಎದುರಾಗುವುದು ಮುಂಗಡದ ಪ್ರಶ್ನೆ. ವರ್ಷಗಟ್ಟಲೆ ಒಂದು ತಿಂಗಳೂ ತಪ್ಪದೆ ಬಾಡಿಗೆ ಕಟ್ಟಿದವರು ಕಂತನ್ನೂ ಕಟ್ಟಬಲ್ಲರು. ಆದರೆ ದೊಡ್ಡ ಮೊತ್ತವನ್ನು ಒಂದೇ ಸಲ ಎಣಿಸಿ ಕೊಡಿ ಅಂದರೆ ಎಲ್ಲಿಂದ ತರುವುದು? ಸಂಬಳದ ದೊಡ್ಡ ಪಾಲು ಬಾಡಿಗೆಗೇ ಹೋದರೆ ಉಳಿಯುವುದು ಅಷ್ಟಕ್ಕಷ್ಟೇ.

ಈ ಗಂಟು ಬಿಡಿಸಲು ಹಲವು ದೇಶಗಳಲ್ಲಿ ಒಂದು ದಾರಿ ಕಂಡುಕೊಂಡಿದ್ದಾರೆ. ಮುಂಗಡವನ್ನು ದುಡ್ಡಿನ ಬದಲು ದುಡಿಮೆಯಲ್ಲಿ ಕೊಡುವುದು. ಮನೆ ಕಟ್ಟುವ ಜಾಗದಲ್ಲಿ ಕುಟುಂಬದವರು ಇಂತಿಷ್ಟು ಗಂಟೆ ಕೆಲಸ ಮಾಡುತ್ತಾರೆ, ಅವರ ಜೊತೆ ಸ್ವಯಂಸೇವಕರು ಕೈಜೋಡಿಸುತ್ತಾರೆ, ಉಳಿದ ಖರ್ಚಿಗೆ ಬಡ್ಡಿ ಇಲ್ಲದ ಅಥವಾ ಕಡಿಮೆ ಬಡ್ಡಿಯ ಸಾಲ ಸಿಗುತ್ತದೆ. ಸ್ವೆಟ್ ಈಕ್ವಿಟಿ ಎಂದು ಕರೆಯುವುದು ಇದನ್ನೇ.

1938ರಲ್ಲೇ ಕೆನಡಾದ ನೋವಾ ಸ್ಕೋಷಿಯಾದ ಕಲ್ಲಿದ್ದಲು ಗಣಿ ಕಾರ್ಮಿಕರು ಟಾಂಪ್ಕಿನ್ಸ್‌ವಿಲ್ ಎಂಬ ಪುಟ್ಟ ಬಡಾವಣೆಯನ್ನು ಹೀಗೆ ಗುಂಪು ಕಟ್ಟಿಕೊಂಡು ತಾವೇ ಕಟ್ಟಿದ್ದರು. ಗುದ್ದಲಿ ಹಿಡಿಯುವ ಮೊದಲು ಅವರು ಅಧ್ಯಯನ ಕೂಟ ಮಾಡಿಕೊಂಡು ಸಾಲ, ಜಾಗ, ನಕ್ಷೆ ಎಲ್ಲವನ್ನೂ ಕೂತು ಕಲಿತರು. ಅಮೆರಿಕದ ಜಾರ್ಜಿಯಾದಲ್ಲಿ ಕೊಯ್ನೊನಿಯಾ ಎಂಬ ಕೃಷಿ ಸಮುದಾಯ 1960ರ ದಶಕದ ಕೊನೆಯಲ್ಲಿ ಬಡ ಕುಟುಂಬಗಳಿಗೆ ಲಾಭ, ಬಡ್ಡಿ ಎರಡೂ ಇಲ್ಲದೆ ಮನೆ ಕಟ್ಟಿಕೊಡಲು ಶುರು ಮಾಡಿತು. ಅಲ್ಲಿ ದುಡಿದಿದ್ದ ಮಿಲಾರ್ಡ್ ಮತ್ತು ಲಿಂಡಾ ಫುಲ್ಲರ್ ದಂಪತಿ 1976ರಲ್ಲಿ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಸಂಸ್ಥೆ ಕಟ್ಟಿದರು. 1984ರಲ್ಲಿ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸುತ್ತಿಗೆ ಹಿಡಿದು ನ್ಯೂಯಾರ್ಕಿನ ಕೆಲಸಕ್ಕೆ ಬಂದ ಮೇಲೆ ಈ ಹೆಸರು ಮನೆಮಾತಾಯಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೆವರು ಸುರಿಸಿದ ಮಾತ್ರಕ್ಕೆ ಮನೆ ಅಗ್ಗ ಆಗುವುದಿಲ್ಲ. ಮನೆಯ ಖರ್ಚಿನಲ್ಲಿ ಕೂಲಿ ಒಂದು ಪಾಲು ಅಷ್ಟೇ. ಜಾಗ, ಸಾಮಗ್ರಿ, ಬಡ್ಡಿ ಇವೆಲ್ಲ ಹಾಗೇ ಉಳಿಯುತ್ತವೆ. ಅದಕ್ಕೇ ಕರಣೆ ಹಿಡಿಯುವ ಮೊದಲು ಕಾಗದ ಹಿಡಿದು ಕೂರಬೇಕು.

ಯಾವ ದಾರಿ ನಿಮ್ಮದು?

ಮುಖ್ಯವಾಗಿ ಎರಡು ಬಗೆ ಇವೆ. ಒಂದು, ಸಂಸ್ಥೆಯ ಮೂಲಕ. ಹ್ಯಾಬಿಟಾಟ್ ಇದಕ್ಕೆ ದೊಡ್ಡ ಉದಾಹರಣೆ. ಸಂಸ್ಥೆಯೇ ಜಾಗ, ಸಾಮಗ್ರಿ, ಮೇಲ್ವಿಚಾರಕರು, ಸ್ವಯಂಸೇವಕರನ್ನು ಹೊಂದಿಸುತ್ತದೆ. ನೀವು ಅರ್ಜಿ ಹಾಕಿ ಆಯ್ಕೆಯಾಗಬೇಕು.

ಎರಡು, ಪರಸ್ಪರ ನೆರವು. ಕೆಲವು ಕುಟುಂಬಗಳು ಸೇರಿ ಎಲ್ಲರ ಮನೆಯನ್ನೂ ಎಲ್ಲರೂ ಕಟ್ಟುತ್ತಾರೆ. ಮುಯ್ಯಾಳು ಲೆಕ್ಕ ಅನ್ನಿ. ಅಮೆರಿಕದ ಹಳ್ಳಿಗಾಡಿನಲ್ಲಿ ಅಲ್ಲಿನ ಕೃಷಿ ಇಲಾಖೆ ನಡೆಸುವ ಇಂಥ ಯೋಜನೆಯಲ್ಲಿ ಕಟ್ಟುವ ಕೆಲಸದ ಸುಮಾರು ಶೇ 65ರಷ್ಟನ್ನು ಕುಟುಂಬಗಳೇ ಮಾಡಬೇಕು. ಗುಂಪಿನ ಎಲ್ಲ ಮನೆ ಮುಗಿಯುವ ತನಕ ಯಾರೂ ಒಳಗೆ ಕಾಲಿಡುವಂತಿಲ್ಲ. ಸ್ವಲ್ಪ ಕಠಿಣ ಅನಿಸುತ್ತದೆ ಅಲ್ವಾ? ಆದರೆ ಈ ನಿಯಮ ಇಲ್ಲದಿದ್ದರೆ ತನ್ನ ಮನೆ ಮುಗಿಸಿಕೊಂಡವರು ಮುಂದಿನ ವಾರದಿಂದ ನಾಪತ್ತೆ. ಉರುಗ್ವೆ ದೇಶದಲ್ಲಿ 1968ರ ವಸತಿ ಕಾನೂನು ಬಂದ ಮೇಲೆ ಇಂಥ ಸಹಕಾರ ಸಂಘಗಳು ದೊಡ್ಡ ಚಳವಳಿಯಾಗಿ ಬೆಳೆದವು. ಅಲ್ಲಿ ಒಂದು ಕುಟುಂಬ ವಾರಕ್ಕೆ 21 ಗಂಟೆ ದುಡಿಯುವುದು ವಾಡಿಕೆ. ಮನೆಗಳ ಒಡೆತನ ಸಂಘದ್ದು, ಅಲ್ಲಿ ವಾಸಿಸುವ ಹಕ್ಕು ಕುಟುಂಬದ್ದು.

ಗುಂಪು ಕಟ್ಟುವುದಾದರೆ ಉಳಿತಾಯದಿಂದ ಶುರು ಮಾಡಿ. ಆರು ತಿಂಗಳು ಎಲ್ಲರೂ ಸಣ್ಣ ಮೊತ್ತವೊಂದನ್ನು ತಪ್ಪದೆ ಹಾಕಲಿ. ಯಾರು ನಂಬಿಕಸ್ಥರು, ಯಾರು ಬರೀ ಮಾತಿನವರು ಅಂತ ಅಷ್ಟರಲ್ಲಿ ಗೊತ್ತಾಗುತ್ತದೆ.

ಅರ್ಜಿ

ಸಂಸ್ಥೆಗಳು ಸಾಮಾನ್ಯವಾಗಿ ಮೂರು ವಿಷಯ ನೋಡುತ್ತವೆ. ನಿಮಗೆ ಮನೆಯ ಅಗತ್ಯ ನಿಜವಾಗಿ ಇದೆಯೇ? ಕಂತು ಕಟ್ಟುವ ಶಕ್ತಿ ಇದೆಯೇ? ದುಡಿಯಲು ತಯಾರಿದ್ದೀರಾ? ಎರಡನೆಯದರಲ್ಲೇ ಜಾಸ್ತಿ ಅರ್ಜಿಗಳು ಸಿಕ್ಕಿಬೀಳುತ್ತವೆ. ಆದಾಯ ಮಿತಿ ದಾಟಿದರೂ ಕಷ್ಟ, ತೀರಾ ಕಡಿಮೆಯಾದರೂ ಕಷ್ಟ. ಇದು ದಾನದ ಮನೆಯಲ್ಲ, ಸಾಲ ತೀರಿಸಲೇಬೇಕು. ನೀವು ಕಟ್ಟಿದ ಕಂತು ಮುಂದಿನ ಕುಟುಂಬದ ಮನೆಗೆ ಬಂಡವಾಳ ಆಗುತ್ತದೆ.

ಮನೆಯ ಖರ್ಚು ಒಟ್ಟು ಆದಾಯದ ಶೇ 30 ದಾಟಬಾರದು ಅನ್ನುವುದು ಅಮೆರಿಕದಲ್ಲಿ ಬಳಕೆಯಲ್ಲಿರುವ ಅಳತೆ. ಆ ಲೆಕ್ಕಕ್ಕೆ ಕಂತಿನ ಜೊತೆ ತೆರಿಗೆ ಮತ್ತು ವಿಮೆಯನ್ನೂ ಸೇರಿಸಿ. ರಿಪೇರಿಗೆ ಬೇರೆ ಎತ್ತಿಡಿ. ಬಾಡಿಗೆ ಮನೆಯಲ್ಲಿ ಸೂರು ಸೋರಿದರೆ ಮಾಲೀಕರಿಗೆ ಫೋನ್ ಮಾಡುತ್ತೀರಿ. ಇಲ್ಲಿ ಮಾಲೀಕರು ನೀವೇ. ಒಂದು ಉಪಾಯ ಇದೆ. ಮುಂದೆ ಬರುವ ಖರ್ಚು ಈಗಿನ ಬಾಡಿಗೆಗಿಂತ ಎಷ್ಟು ಜಾಸ್ತಿಯೋ ಅಷ್ಟನ್ನು ಈಗಿನಿಂದಲೇ ಬೇರೆ ಖಾತೆಗೆ ಹಾಕುತ್ತಾ ಬನ್ನಿ. ಕೆಲವು ತಿಂಗಳು ಅದು ಉಸಿರುಗಟ್ಟದೆ ನಡೆದರೆ ಧೈರ್ಯವಾಗಿ ಮುಂದೆ ಹೋಗಬಹುದು.

ಗಂಟೆಗಳ ಒಪ್ಪಂದ

ಎಷ್ಟು ಗಂಟೆ ದುಡಿಯಬೇಕು ಎಂಬುದು ಒಂದೊಂದು ಕಡೆ ಒಂದೊಂದು ಥರ. ಇನ್ನೂರರಿಂದ ಐನೂರು ಗಂಟೆ ಕೇಳುವುದು ಸಾಮಾನ್ಯ. 400 ಗಂಟೆ ಅಂದುಕೊಳ್ಳಿ. ಒಬ್ಬರೇ, ವಾರಕ್ಕೆ ಒಂದು ದಿನ, 8 ಗಂಟೆಯಂತೆ ದುಡಿದರೆ 50 ವಾರ ಬೇಕು. ಅಂದರೆ ವರ್ಷವಿಡೀ ರಜೆಯ ದಿನವೇ ಇಲ್ಲ. ಇಬ್ಬರು ಹೋದರೆ 25 ವಾರ. ಆದರೆ ಇಬ್ಬರೂ ಹೋದರೆ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ? ಬಹಳ ಕುಟುಂಬಗಳು ಎಡವುವುದು ಇಲ್ಲಿಯೇ, ಸೋಮಾರಿತನದಿಂದ ಅಲ್ಲ. ಪಾಳಿಯಲ್ಲಿ ದುಡಿಯುವವರಿಗೆ, ಒಬ್ಬರೇ ಮಕ್ಕಳನ್ನು ಸಾಕುವವರಿಗೆ ಶನಿವಾರದ ಹಗಲು ಸುಲಭಕ್ಕೆ ಸಿಗುವುದಿಲ್ಲ. ಸಂಸ್ಥೆಯವರು ಇದನ್ನು ಮೊದಲೇ ಯೋಚಿಸಿರಬೇಕು. ಯೋಚಿಸಿಲ್ಲ ಅನಿಸಿದರೆ ಸಂಕೋಚ ಬಿಟ್ಟು ಕೇಳಿ.

ಸಹಿ ಹಾಕುವ ಮುನ್ನ ಇವನ್ನೆಲ್ಲ ಬರಹದಲ್ಲಿ ಪಡೆಯಿರಿ. ಬೇರೆಯವರ ಮನೆಯಲ್ಲಿ ಮಾಡಿದ ಕೆಲಸ ಲೆಕ್ಕಕ್ಕೆ ಬರುತ್ತದೆಯೇ? ಸಾಮಾನ್ಯವಾಗಿ ಬರುತ್ತದೆ. ಹಣ ನಿರ್ವಹಣೆಯ ತರಗತಿ, ಕಚೇರಿ ಕೆಲಸ? ಎಷ್ಟೋ ಕಡೆ ಇವೂ ಸೇರುತ್ತವೆ. ಭಾರ ಎತ್ತಲಾಗದವರು, ವಯಸ್ಸಾದವರು, ಅಂಗವಿಕಲರು ಇದರಿಂದಲೇ ತಮ್ಮ ಗಂಟೆ ತುಂಬಿಸುತ್ತಾರೆ. ನೆಂಟರು, ಗೆಳೆಯರು ಬಂದು ಮಾಡಿದ ಕೆಲಸ ಎಷ್ಟರ ಮಟ್ಟಿಗೆ ಲೆಕ್ಕಕ್ಕೆ? ಕಾಯಿಲೆ ಬಿದ್ದರೆ, ಕೆಲಸ ಹೋದರೆ, ಮಧ್ಯದಲ್ಲಿ ಬಿಡಬೇಕಾಗಿ ಬಂದರೆ ಮಾಡಿದ ಗಂಟೆಗಳ ಗತಿ ಏನು? ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಜಗಳ ಬರುವುದು ಅಲ್ಲಿಂದಲೇ.

ಪ್ರತಿ ದಿನ ಹೊರಡುವ ಮುಂಚೆ ಹಾಜರಿ ಪುಸ್ತಕದಲ್ಲಿ ಗಂಟೆ ಬರೆಸಿ, ಮೇಲ್ವಿಚಾರಕರ ಸಹಿ ಹಾಕಿಸಿ, ಮೊಬೈಲಿನಲ್ಲಿ ಅದರ ಫೋಟೊ ತೆಗೆದಿಟ್ಟುಕೊಳ್ಳಿ.

ಜಾಗ, ನಕ್ಷೆ

ಹಕ್ಕುಪತ್ರ ಸ್ಪಷ್ಟವಾಗದೆ ಒಂದು ಕಲ್ಲನ್ನೂ ಇಡಬೇಡಿ. ಗಂಡ ಹೆಂಡತಿ ಇಬ್ಬರೂ ದುಡಿದಿದ್ದರೆ ಪತ್ರದಲ್ಲಿ ಇಬ್ಬರ ಹೆಸರೂ ಇರಲಿ. ಮಳೆ ನೀರು ಎತ್ತ ಹರಿಯುತ್ತದೆ, ಕೆಲಸಕ್ಕೆ ಹೋಗಲು ಬಸ್ ಇದೆಯೇ ನೋಡಿ. ದೂರದ ಅಗ್ಗದ ಜಾಗದ ಉಳಿತಾಯವೆಲ್ಲ ಓಡಾಟಕ್ಕೇ ಹೋಗಿಬಿಡಬಹುದು.

ನಕ್ಷೆ ಸರಳವಾಗಿರಲಿ. ಅಡುಗೆಮನೆ, ಬಚ್ಚಲು ಒಂದೇ ಗೋಡೆಗೆ ಬೆನ್ನು ಕೊಟ್ಟಿದ್ದರೆ ಪೈಪಿನ ಖರ್ಚು ಇಳಿಯುತ್ತದೆ. ಗೋಡೆಗೆ ಮೂಲೆ ಕಡಿಮೆ ಇದ್ದಷ್ಟೂ ಹೊಸಬರ ಕೈಯಲ್ಲಿ ತಪ್ಪು ಕಡಿಮೆ. ಮುಂದೆ ಒಂದು ಕೋಣೆ ಸೇರಿಸುವಂತಿದ್ದರೆ ಇನ್ನೂ ಒಳ್ಳೆಯದು.

ಕೆಲಸದ ದಿನ

ಹದಿನೈದು ಜನ ಉತ್ಸಾಹದಿಂದ ಬಂದು ನಿಂತಿದ್ದಾರೆ, ಮರಳಿನ ಗಾಡಿ ಇನ್ನೂ ಬಂದಿಲ್ಲ. ಹೀಗಾದರೆ ಆ ದಿನ ಮುಗಿಯಿತು, ಮುಂದಿನ ವಾರ ಅರ್ಧ ಜನ ಬರುವುದಿಲ್ಲ. ಹಾಗಾಗಿ ಸಾಮಗ್ರಿ, ಉಪಕರಣ, ಯಾರಿಗೆ ಯಾವ ಕೆಲಸ ಎಂಬ ಪಟ್ಟಿ ಎಲ್ಲವೂ ಹಿಂದಿನ ದಿನವೇ ಸಿದ್ಧವಿರಬೇಕು. ಸ್ವಯಂಸೇವಕರು ಬಿಟ್ಟಿಯಾಗಿ ಬರುತ್ತಾರೆ ನಿಜ. ಅವರನ್ನು ನಡೆಸುವ ಅನುಭವಿ ಮೇಸ್ತ್ರಿಗೆ ಮಾತ್ರ ಸಂಬಳ ಕೊಡಲೇಬೇಕು. ಅಲ್ಲಿ ಜಿಪುಣತನ ಮಾಡಿದರೆ ಎರಡರಷ್ಟು ಕಳೆದುಕೊಳ್ಳುತ್ತೀರಿ.

ಇಟ್ಟಿಗೆ ಗೋಡೆಯನ್ನೇ ನೋಡಿ. ಎರಡು ಮೂಲೆಗಳನ್ನು ಮೇಸ್ತ್ರಿ ಮೊದಲು ಎಬ್ಬಿಸುತ್ತಾರೆ. ಮೂಲೆಯಿಂದ ಮೂಲೆಗೆ ಬಿಗಿಯಾಗಿ ದಾರ ಕಟ್ಟುತ್ತಾರೆ. ನಡುವಿನ ಸಾಲನ್ನು ಹೊಸಬರು ತುಂಬುತ್ತಾರೆ. ಇಟ್ಟಿಗೆಯ ಮೇಲಂಚು ದಾರದ ಮಟ್ಟಕ್ಕೆ ಬರಬೇಕು, ಆದರೆ ದಾರವನ್ನು ತಳ್ಳಬಾರದು. ಒಬ್ಬರ ಇಟ್ಟಿಗೆ ದಾರವನ್ನು ಒಂದು ಚೂರು ಹೊರಗೆ ದೂಡಿದರೂ ಸಾಕು, ಉಳಿದವರೆಲ್ಲ ಆ ಸೊಟ್ಟ ದಾರವನ್ನೇ ನಂಬಿ ಇಡುತ್ತಾ ಹೋಗುತ್ತಾರೆ. ಪ್ರತಿ ಸಾಲಿಗೂ ರಸಮಟ್ಟ, ಕೆಲವು ಸಾಲಿಗೊಮ್ಮೆ ತೂಗುಗುಂಡು ಹಿಡಿಯುವುದು ಅದಕ್ಕೇ. ನೀರು ಬೆರೆಸಿದ ಸಿಮೆಂಟ್ ಗಾರೆಯನ್ನು ಸುಮಾರು ಎರಡು ಗಂಟೆಯೊಳಗೆ ಮುಗಿಸಬೇಕು. ಗಟ್ಟಿಯಾಯಿತು ಅಂತ ಸುಮ್ನೆ ಮತ್ತೆ ನೀರು ಸುರಿದರೆ ಬಲ ಹೋಗುತ್ತದೆ. ಹೊಸಬರ ಕೈ ನಿಧಾನ. ಕಲಸುವಾಗಲೇ ಸ್ವಲ್ಪ ಸ್ವಲ್ಪ ಕಲಸಿ. ಸೊಟ್ಟಗೆ ಬಂದ ಸಾಲನ್ನು ಕೆಡವಲು ಮೇಸ್ತ್ರಿ ಹೇಳಿದರೆ ಬೇಜಾರು ಬೇಡ. ಇವತ್ತು ಒಂದು ಸಾಲು ಕೆಡವುವುದು ಸುಲಭ, ಬಾಗಿಲ ಚೌಕಟ್ಟು ಕೂರದಿದ್ದಾಗ ಗೋಡೆ ಒಡೆಯುವುದು ಕಷ್ಟ.

ಸಾಮಾನು ಹೊರುವುದು, ಇಟ್ಟಿಗೆ ನೆನೆಸುವುದು, ಗೋಡೆಗೆ ನೀರುಣಿಸುವುದು, ಬಣ್ಣ, ಅಂಗಳದ ಕೆಲಸ ಇವೆಲ್ಲ ಯಾರು ಬೇಕಾದರೂ ಮಾಡಬಹುದು. ಅಡಿಪಾಯದ ಲೆಕ್ಕ, ಕಂಬಿ ಕಟ್ಟುವುದು, ವಿದ್ಯುತ್ ಸಂಪರ್ಕ ಇವು ಬಲ್ಲವರ ಕೆಲಸ. ಹೆಲ್ಮೆಟ್, ಗಟ್ಟಿ ಶೂ, ಅಪಘಾತ ವಿಮೆ ಇಲ್ಲದೆ ಕೆಲಸ ಶುರು ಆಗಬಾರದು. ಅಮೆರಿಕದ ಹ್ಯಾಬಿಟಾಟ್‌ನಲ್ಲಿ ಕಟ್ಟಡ ಕೆಲಸ ನಡೆಯುವಾಗ 16 ವರ್ಷದೊಳಗಿನವರನ್ನು ಒಳಗೆ ಬಿಡುವುದಿಲ್ಲ. ಮಕ್ಕಳೂ ಒಂದೆರಡು ಇಟ್ಟಿಗೆ ಹೊರಲಿ ಬಿಡಿ ಅನ್ನುವವರಿಗೆ ಈ ನಿಯಮ ತೋರಿಸಿ.

ಸಾಲದ ಕಾಗದ

ಅಸಲಿ ಉಳಿತಾಯ ಇಲ್ಲಿದೆ. 100 ಸಾಲ ತೆಗೆದು, ವರ್ಷಕ್ಕೆ ಶೇ 9ರ ಬಡ್ಡಿಯಲ್ಲಿ, 20 ವರ್ಷ ಸಮ ಕಂತಿನಲ್ಲಿ ತೀರಿಸಿದರೆ ಒಟ್ಟು ಕಟ್ಟುವುದು ಸುಮಾರು 216. ಬಡ್ಡಿ ಇಲ್ಲದಿದ್ದರೆ 100 ಮಾತ್ರ. ಅಂದರೆ ಬಡ್ಡಿಯೇ ಇನ್ನೊಂದು ಮನೆಯನ್ನು ನುಂಗುತ್ತದೆ. 400 ಗಂಟೆ ದುಡಿದು ಕೊನೆಗೆ ಮಾಮೂಲಿ ಬಡ್ಡಿಯ ಸಾಲಕ್ಕೆ ಸಹಿ ಹಾಕಿದರೆ ಆ ಬೆವರಿನ ಬಹುಪಾಲು ಬಡ್ಡಿಗೇ ಹೋಯಿತು ಅಂತ ತಿಳಿಯಿರಿ. ಯೋಜನೆ ಎಷ್ಟೇ ಚೆಂದವಾಗಿ ಕಂಡರೂ ಮೊದಲು ಬಡ್ಡಿ ದರ ಕೇಳಿ. ಮುಂದೆ ಅದು ಏರುತ್ತದೆಯೇ ಎಂದೂ ಕೇಳಿ.

ಮಾರಾಟದ ಷರತ್ತನ್ನೂ ಓದಿ. ಮನೆ ಮಾರುವಾಗ ಮೊದಲು ತಮಗೇ ಕೊಡಬೇಕು ಎಂದು ಕೆಲವು ಸಂಸ್ಥೆಗಳು ಬರೆಸಿಕೊಳ್ಳುತ್ತವೆ. ಸಮುದಾಯ ಭೂ ಟ್ರಸ್ಟ್ ಪದ್ಧತಿಯಲ್ಲಿ ನೆಲ ಟ್ರಸ್ಟಿನದು, ಮನೆ ಮಾತ್ರ ನಿಮ್ಮದು, ಮಾರುವ ಬೆಲೆಗೂ ಮಿತಿ ಇರುತ್ತದೆ. ದುಡಿದವರಿಗೆ ಇದು ಅನ್ಯಾಯ ಅನ್ನುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ನೂರಾರು ಜನ ಬಿಟ್ಟಿ ದುಡಿದು ಕಟ್ಟಿದ ಮನೆಯನ್ನು ಎರಡೇ ವರ್ಷದಲ್ಲಿ ಮಾರುಕಟ್ಟೆ ಬೆಲೆಗೆ ಮಾರಿದರೆ ಮುಂದಿನ ಕುಟುಂಬಕ್ಕೆ ಸ್ವಯಂಸೇವಕರು ಸಿಗುತ್ತಾರೆಯೇ? ಆದರೆ ಷರತ್ತು ಮೊದಲ ದಿನವೇ ಗೊತ್ತಿರಬೇಕು, ಬೀಗದ ಕೈ ಕೊಡುವ ದಿನ ಅಲ್ಲ.

ಒಳಗೆ ಹೋದ ಮೇಲೆ

ಗಾರೆ ಮೆತ್ತಿ ಮುಚ್ಚುವ ಮೊದಲು ಪ್ರತಿ ಗೋಡೆಯ ಪೈಪು, ತಂತಿಗಳ ಫೋಟೊ ತೆಗೆದಿಡಿ. ಪಕ್ಕದಲ್ಲಿ ಅಳತೆ ಟೇಪು ಹಿಡಿದೇ ತೆಗೆಯಿರಿ. ಮೊಳೆ ಹೊಡೆಯುವಾಗ, ಸೋರಿಕೆ ಹುಡುಕುವಾಗ ಬೇಕಾಗುತ್ತದೆ. ಮೊದಲ ವರ್ಷದಲ್ಲಿ ಕಾಣುವ ಸಣ್ಣ ಬಿರುಕು, ತೇವದ ಕಲೆಗಳನ್ನು ತಾರೀಖಿನ ಸಮೇತ ಬರೆದಿಟ್ಟು ಸಂಸ್ಥೆಗೆ ಲಿಖಿತವಾಗಿ ತಿಳಿಸಿ. ಗುತ್ತಿಗೆದಾರರು ಮಾಡಿದ ಕೆಲಸಕ್ಕೆ ಖಾತರಿ ಅವಧಿ ಎಷ್ಟು ಎಂದು ಕೇಳಿ, ಅದು ಮುಗಿಯುವ ಒಂದು ತಿಂಗಳ ಮೊದಲು ಮೇಸ್ತ್ರಿಯನ್ನು ಕರೆಸಿ ಇಡೀ ಮನೆ ಒಮ್ಮೆ ತೋರಿಸಿ.