ಹೊರದೇಶದಿಂದ ಬಂದು ಮಕ್ಕಳ ಉಪಶಾಮಕ ಆರೈಕೆಯನ್ನು ಕಲಿಸುವವರಿಗೆ

ಇಂಗ್ಲೆಂಡ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಕೆಲಸ ಮಾಡುವ ಕನ್ನಡಿಗ ವೈದ್ಯರೂ ನರ್ಸ್‌ಗಳೂ, ಕೆಲವೊಮ್ಮೆ ಅವರ ವಿದೇಶಿ ಸಹೋದ್ಯೋಗಿಗಳೂ, ಎರಡು ವಾರ ರಜೆ ಹಾಕಿ ಇಲ್ಲಿನ ಆಸ್ಪತ್ರೆಗಳ ಸಿಬ್ಬಂದಿಗೆ ಮಕ್ಕಳ ಉಪಶಾಮಕ ಆರೈಕೆಯನ್ನು, ಅಂದರೆ ಗಂಭೀರ ಕಾಯಿಲೆಯ ಮಕ್ಕಳ ನೋವು, ಸಂಕಟಗಳನ್ನು ತಗ್ಗಿಸುವ ಆರೈಕೆಯನ್ನು, ಕಲಿಸಲು ಬರುವುದುಂಟು. ಅಂಥ ತರಬೇತಿಗಳಲ್ಲಿ ದುಭಾಷಿಯಾಗಿ ನಿಂತ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ. ನೀವು ವಿಮಾನ ಹತ್ತಿದ ಮರುದಿನ ರಾತ್ರಿ ಎರಡು ಗಂಟೆಗೆ ಮಗುವೊಂದು ನೋವಿನಿಂದ ಎದ್ದರೆ, ಆ ಪಾಳಿಯಲ್ಲಿರುವ ಸಿಸ್ಟರ್ ತಾವಾಗಿಯೇ ಏನು ಮಾಡಬಲ್ಲರು ಎಂಬುದನ್ನು ಮೊದಲ ದಿನವೇ ಕೇಳಿಕೊಂಡು, ಪಾಠಗಳನ್ನು ಅದರ ಸುತ್ತಲೇ ಹೊಂದಿಸಿಕೊಳ್ಳಿ.

ಟಿಕೆಟ್ ಕಾಯ್ದಿರಿಸುವ ಮೊದಲು ಆಸ್ಪತ್ರೆಯನ್ನು ಕೇಳಬೇಕಾದದ್ದು, ತೀವ್ರ ನೋವಿಗೆ ಕೊಡುವ, ಅಫೀಮಿನಿಂದ ಬರುವ ಔಷಧವಾದ ಮಾರ್ಫಿನ್ ಇದೆಯೇ ಎಂದು. 1985ರ ಮಾದಕ ವಸ್ತು ಕಾಯ್ದೆಯ ಬಿಗಿ ನಿಯಮಗಳಿಂದಾಗಿ ಬಹುಕಾಲ ಅನೇಕ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳಲು ಹಿಂಜರಿದವು. 2014ರ ತಿದ್ದುಪಡಿ ಈ ದಾರಿಯನ್ನು ಸುಗಮಗೊಳಿಸಿದರೂ, ಆಸ್ಪತ್ರೆಯು ಮಾನ್ಯತೆ ಪಡೆದಿರಬೇಕು, ದಾಸ್ತಾನಿನ ಲೆಕ್ಕವನ್ನು ಇಡಬೇಕು. ಮಾನ್ಯತೆ ಇನ್ನೂ ಇಲ್ಲವಾದರೆ ತರಬೇತಿಯನ್ನು ಆರು ತಿಂಗಳು ಮುಂದೂಡಿ, ಆ ಅವಧಿಯಲ್ಲಿ ಅರ್ಜಿಯ ಕೆಲಸಕ್ಕೆ ನೆರವಾಗುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಔಷಧವೇ ಇಲ್ಲದ ವಾರ್ಡಿನಲ್ಲಿ ನೋವನ್ನು ಅಳೆಯಲು ಕಲಿತ ನರ್ಸ್‌ಗೆ ಉಳಿಯುವುದು ಸಂಕಟ ಮಾತ್ರ. ಭಾರತದಲ್ಲಿ ನೋಂದಣಿ ಅಥವಾ ಅನುಮತಿ ಇಲ್ಲದವರು ಇಲ್ಲಿ ಚಿಕಿತ್ಸೆ ನೀಡುವಂತಿಲ್ಲವಾದ್ದರಿಂದ, ಔಷಧವನ್ನು ಸ್ಥಳೀಯ ವೈದ್ಯರೇ ಬರೆಯಲಿ. ಮಕ್ಕಳ ಫೋಟೋ ತೆಗೆಯಬೇಡಿ.

ಪಾಠಗಳಲ್ಲಿ ಹೆಚ್ಚಿನ ಸಮಯವನ್ನು ನೋವನ್ನು ಗುರುತಿಸುವುದಕ್ಕೆ ಮೀಸಲಿಡಿ. ಮಾತು ಬಾರದ ಮಕ್ಕಳಿಗಾಗಿ ಇರುವ ಫ್ಲ್ಯಾಕ್ ಮಾಪಕದಲ್ಲಿ ಮುಖ, ಕಾಲು, ಚಟುವಟಿಕೆ, ಅಳು, ಸಮಾಧಾನಕ್ಕೆ ಒಗ್ಗುವ ಬಗೆ ಎಂಬ ಐದಕ್ಕೂ 0ಯಿಂದ 2ರವರೆಗೆ ಅಂಕಗಳಿದ್ದು, ಒಟ್ಟು ಹೆಚ್ಚೆಂದರೆ 10 ಆಗುತ್ತದೆ; ಅಂಕ ಹೆಚ್ಚಿದಷ್ಟೂ ನೋವು ಹೆಚ್ಚು. ಅದನ್ನು ಮಗುವಿನ ಪಕ್ಕದಲ್ಲಿ ನಿಂತೇ ಕಲಿಸಬೇಕು, ಅದರ ಮಿತಿಯನ್ನೂ ಹೇಳಬೇಕು. ವಾರಗಟ್ಟಲೆ ನೋವುಂಡ ಮಗು ಅಳುವುದನ್ನು ನಿಲ್ಲಿಸಿ, ಅಲುಗಾಡದೆ ಮಲಗಿಬಿಡುತ್ತದೆ. ಮೂಳೆಯ ಕ್ಯಾನ್ಸರ್ ಇದ್ದ ಏಳು ವರ್ಷದ ಹುಡುಗನೊಬ್ಬ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದ. ‘ನಮ್ಮ ಹುಡುಗ ಬಹಳ ಸಹನೆಯವನು, ಅಳೋದೇ ಇಲ್ಲ’ ಎಂದು ತಾಯಿ ಹೇಳಿದರು, ಮಾಪಕದಲ್ಲಿ ಬಂದದ್ದು ಒಂದೇ ಅಂಕ, ತರಬೇತುದಾರರು ಮುಂದಿನ ಹಾಸಿಗೆಗೆ ಹೊರಟಿದ್ದರು. ಆದರೆ ಅವನ ಕೈಯಲ್ಲಿದ್ದ ಬಿಸ್ಕತ್ತಿನ ಪೊಟ್ಟಣ ಹಿಂದಿನ ದಿನದಿಂದಲೂ ಒಡೆಯದೆ ಹಾಗೆಯೇ ಇರುವುದನ್ನು ವಾರ್ಡಿನ ಸಿಸ್ಟರ್ ಗಮನಿಸಿದ್ದರು. ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ ಕೊಡಲು ಶುರುಮಾಡಿದ ಎರಡನೆಯ ದಿನ ಅವನು ಪೊಟ್ಟಣವನ್ನು ತಾನೇ ಹರಿದು, ಪಕ್ಕದ ಹಾಸಿಗೆಯ ಹುಡುಗಿಗೆ ಎರಡು ಬಿಸ್ಕತ್ತು ಕೊಟ್ಟ. ಇಂಥದ್ದನ್ನು ನೋಡಬಲ್ಲ ಸಿಸ್ಟರ್ ಪ್ರತಿ ವಾರ್ಡಿನಲ್ಲೂ ಇರುತ್ತಾರೆ. ಅವರನ್ನು ಮೊದಲೇ ಹುಡುಕಿಕೊಳ್ಳಿ.

ನೋವಿನ ಮಾತುಗಳ ಪಟ್ಟಿಯೊಂದನ್ನು ಸ್ಥಳೀಯರಿಂದಲೇ ಮಾಡಿಸಿ. ಉರಿ, ಜುಮುಜುಮು, ಕರೆಂಟ್ ಹೊಡೆದ ಹಾಗೆ ಎಂದರೆ ನರದ ನೋವನ್ನು ಶಂಕಿಸಬೇಕು. ಹೊಟ್ಟೆ ನುಲಿಯುತ್ತದೆ ಎಂದರೆ ಕರುಳಿನ ಕಡೆಗೆ ನೋಡಬೇಕು. ಉತ್ತರ ಕರ್ನಾಟಕದ ಮಗು ‘ಹೊಟ್ಟಿ ಕಡೀತೈತಿ’ ಎಂದರೆ ಅದು ತುರಿಕೆಯಲ್ಲ, ನೋವು. ಬೆಂಗಳೂರಿನ ಕನ್ನಡ ಮಾತ್ರ ಬಲ್ಲ ದುಭಾಷಿಯೂ ಇಲ್ಲಿ ಎಡವಬಹುದು.

ಔಷಧದ ವಿಷಯದಲ್ಲಿ ಹಳೆಯ ಪಾಠವೊಂದನ್ನು ಮರೆಸಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2012ರಲ್ಲಿ ಮಕ್ಕಳಿಗೆ ನೋವಿನ ಔಷಧಗಳನ್ನು ಹಂತಹಂತವಾಗಿ ಏರಿಸುವ ಮೂರು ಮೆಟ್ಟಿಲಿನ ಕ್ರಮವನ್ನು ಬಿಟ್ಟು ಎರಡು ಮೆಟ್ಟಿಲು ಸಾಕೆಂದಿತು: ಮೊದಲು ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್, ನೋವು ತೀವ್ರವಾಗಿದ್ದರೆ ನೇರವಾಗಿ ಮಾರ್ಫಿನ್‌ನಂಥ ಔಷಧ. ಕೈಬಿಟ್ಟ ನಡುವಿನ ಮೆಟ್ಟಿಲಿನ ಔಷಧವಾದ ಕೋಡೀನ್ ದೇಹದೊಳಗೆ ಮಾರ್ಫಿನ್ ಆಗುವ ಪ್ರಮಾಣವು ಮಗುವಿನಿಂದ ಮಗುವಿಗೆ ಬದಲಾಗುವುದರಿಂದ ಅದನ್ನು ನಂಬುವಂತಿಲ್ಲ. ದ್ರವರೂಪದ ಮಾರ್ಫಿನ್ ಸಿಗದ ಕಡೆ, 10 ಮಿಲಿಗ್ರಾಂನ ಸಾಮಾನ್ಯ ಮಾತ್ರೆಯನ್ನು ಪುಡಿಮಾಡಿ, 10 ಮಿಲಿಲೀಟರ್ ನೀರಿನಲ್ಲಿ ಕದಡಿ, ವೈದ್ಯರು ಬರೆದಷ್ಟನ್ನೇ ಸಿರಿಂಜಿನಲ್ಲಿ ಎಳೆದುಕೊಳ್ಳುವುದನ್ನು ಪ್ರತಿಯೊಬ್ಬ ಸಿಸ್ಟರ್ ಕೈಯಿಂದಲೂ ಮಾಡಿಸಿ. ನಿಧಾನವಾಗಿ ಬಿಡುಗಡೆಯಾಗುವ ಬಗೆಯ ಮಾತ್ರೆಯನ್ನು ಪುಡಿಮಾಡಲೇಬಾರದೆಂದು ಎರಡೂ ಮಾತ್ರೆಗಳನ್ನು ಎದುರಿಗಿಟ್ಟು ತೋರಿಸಿ. ಮಾರ್ಫಿನ್ ಜೊತೆಗೇ ಮಲಬದ್ಧತೆಗೆ ಔಷಧ ಕೊಡುವುದನ್ನು ರೂಢಿ ಮಾಡಿಸಿ.

ಮಾತುಕತೆಯನ್ನು ಕಲಿಸುವಾಗ ಇಂಗ್ಲಿಷ್ ವೀಡಿಯೋಗಳನ್ನು ಬದಿಗಿಡಿ. ‘ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ’ ಎಂಬ ವಾಕ್ಯವನ್ನು ಎಷ್ಟೋ ತಂದೆತಾಯಿಗಳು ಕಾರಿಡಾರಿನಲ್ಲಿ ನಿಂತು ಕೇಳಿಸಿಕೊಂಡಿದ್ದಾರೆ. ಒಬ್ಬ ಸಿಸ್ಟರ್ ತಾಯಿಯಾಗಿ, ಇನ್ನೊಬ್ಬರು ನಿರ್ಧಾರ ಹೇಳುವ ದೊಡ್ಡಪ್ಪನಾಗಿ ಕುಳಿತು, ಕನ್ನಡದಲ್ಲೇ ಅಭಿನಯಿಸಲಿ. ‘ಮಗುವಿಗೆ ಹೇಳಬೇಡಿ’ ಎಂದು ದೊಡ್ಡಪ್ಪ ತಡೆದಾಗ ವಾದಿಸದೆ, ‘ನಿಮಗೆ ಯಾವುದರ ಭಯ, ಹೇಳಿ. ಅವನು ಈಗಾಗಲೇ ಏನಾದರೂ ಕೇಳಿದ್ದಾನಾ?’ ಎಂದು ವಿಚಾರಿಸಿ, ಉತ್ತರ ಬರುವವರೆಗೆ ಸುಮ್ಮನಿರುವುದನ್ನು ಅಭ್ಯಾಸ ಮಾಡಿಸಿ. ಆ ಮೌನವೇ ಎಲ್ಲರಿಗೂ ಕಷ್ಟ. ಮೂರು ನಾಲ್ಕು ಸಲ ಮಾಡಿಸಬೇಕಾಗುತ್ತದೆ.

ಹೊರಡುವ ಮೊದಲು, ತಿಂಗಳಿಗೆರಡು ಬಾರಿ ವೀಡಿಯೋ ಕರೆಯಲ್ಲಿ ಒಂದೊಂದು ಮಗುವಿನ ವಿಷಯವನ್ನು ಚರ್ಚಿಸುವ ದಿನ ಮತ್ತು ವೇಳೆಯನ್ನು ಗೊತ್ತುಮಾಡಿ. ಹೈದರಾಬಾದಿನ ಮಕ್ಕಳ ಉಪಶಾಮಕ ಆರೈಕೆಯ ತಂಡವೂ ಕೆನಡಾದ ಸ್ವಯಂಸೇವಕರೂ ಸೇರಿ ನಡೆಸಿದ ‘ಎಕೋ’ ಮಾದರಿಯ (ದೂರದ ಸಿಬ್ಬಂದಿ ತಜ್ಞರೊಡನೆ ರೋಗಿಗಳ ವಿಷಯವನ್ನು ಚರ್ಚಿಸುತ್ತ ಕಲಿಯುವ) ಆನ್‌ಲೈನ್ ತರಗತಿಗಳು ಹೀಗೆಯೇ ನಡೆದವು. ಆರು ತಿಂಗಳ ನಂತರ ಮತ್ತೆ ಬನ್ನಿ. ಆ ಸಲ ಬಿಸ್ಕತ್ತಿನ ಪೊಟ್ಟಣವನ್ನು ಗಮನಿಸಿದಂಥ ಸಿಸ್ಟರ್ ಪಾಠ ಮಾಡಲಿ. ನೀವು ಹಿಂದಿನ ಬೆಂಚಿನಲ್ಲಿ ಕುಳಿತು, ಅವರು ಕೇಳಿದಾಗ ಮಾತ್ರ ಉತ್ತರಿಸಿ.