48 ಗಂಟೆಯಲ್ಲಿ ಒಂದು ಗೇಮ್: ತಂಡ ಕಟ್ಟಿಕೊಂಡು ಜಾಮ್‌ಗೆ ಇಳಿಯುವುದು ಹೇಗೆ?

ಕೊಟ್ಟ ವಿಷಯದ ಮೇಲೆ, ಕೊಟ್ಟ ಗಡುವಿನೊಳಗೆ ವಿಡಿಯೋ ಗೇಮ್ ಒಂದನ್ನು ಮಾಡಿ ಮುಗಿಸುವ ಕೂಟಕ್ಕೆ ಗೇಮ್ ಜಾಮ್ ಎನ್ನುತ್ತಾರೆ. ಇಂಥ ಜಾಮ್‌ಗಳಲ್ಲಿ ಲುಡುಮ್ ಡೇರ್ 2002ರಲ್ಲಿ ಶುರುವಾಯಿತು, ಗ್ಲೋಬಲ್ ಗೇಮ್ ಜಾಮ್ 2009ರಲ್ಲಿ. ಒಗಟಿನ ಆಟಗಳಲ್ಲಿ ಹೆಸರು ಮಾಡಿದ 'ಬಾಬಾ ಈಸ್ ಯು' ಮೊಳೆತದ್ದು 2017ರ ನಾರ್ಡಿಕ್ ಗೇಮ್ ಜಾಮ್‌ನಲ್ಲಿ. ಕಾಲೇಜು ಓದುವವರು, ಕೆಲಸಕ್ಕೆ ಹೋಗುವವರು ಎಲ್ಲರೂ ಸೇರಬಹುದು. ಆದರೆ ಅರ್ಧಕ್ಕೇ ನಿಲ್ಲುವ ಆಟಗಳು ಬಹಳ. ಅವು ನಿಲ್ಲುವುದು ಕೋಡಿಂಗ್ ಬಾರದ್ದಕ್ಕಿಂತ ಹೆಚ್ಚಾಗಿ, ಯಾವುದನ್ನು ಬಿಡಬೇಕು ಎಂದು ತಂಡ ಮೊದಲೇ ಮಾತಾಡಿಕೊಳ್ಳದ್ದರಿಂದ.

ಜಾಮ್‌ಗೆ ಮೊದಲು

ಮೂರರಿಂದ ಐದು ಜನ ಸಾಕು. ಕೋಡ್, ಚಿತ್ರ, ಸದ್ದು ಇವುಗಳಿಗೆ ಒಬ್ಬೊಬ್ಬರು ಇರಲಿ. 'ಇದು ಬೇಡ' ಎಂದು ಕೊನೆಯ ಮಾತು ಹೇಳುವ ಹಕ್ಕು ಯಾರದೆಂದೂ ಮೊದಲೇ ತೀರ್ಮಾನಿಸಿ. ಆಟ ಕಟ್ಟುವ ತಂತ್ರಾಂಶಕ್ಕೆ ಗೇಮ್ ಎಂಜಿನ್ ಎನ್ನುತ್ತಾರೆ, ಹೊಸಬರಿಗೆ ನಾನು ಹೇಳುವುದು ಗೊಡೊ ಎಂಜಿನ್. ದುಡ್ಡಿಲ್ಲ, ಹಗುರ, ಮುಕ್ತ ತಂತ್ರಾಂಶ. ಎಲ್ಲರ ಕಂಪ್ಯೂಟರ್‌ನಲ್ಲೂ ಒಂದೇ ಆವೃತ್ತಿ ಇರಬೇಕು. ಎಲ್ಲರ ಬದಲಾವಣೆಗಳನ್ನೂ ಒಂದೆಡೆ ಸೇರಿಸುವ ಗಿಟ್ ಎಂಬ ತಂತ್ರಾಂಶದಲ್ಲಿ ಖಾಲಿ ಪ್ರಾಜೆಕ್ಟ್ ಇಟ್ಟು, ಪ್ರತಿಯೊಬ್ಬರೂ ಒಂದು ಸಣ್ಣ ಬದಲಾವಣೆ ಮಾಡಿ ಕಳಿಸಿ ನೋಡಿ. ಈ ಪರೀಕ್ಷೆ ಜಾಮ್ ಶುರುವಾದ ಮೇಲೆ ಆಗಬಾರದು.

ವಿಷಯ ಬಂದ ಕೂಡಲೇ

ಗೇಮ್ ಮೇಕರ್ಸ್ ಟೂಲ್‌ಕಿಟ್ ಎಂಬ ಯೂಟ್ಯೂಬ್ ಚಾನೆಲ್ ನಡೆಸುವ ಜಿಎಂಟಿಕೆ ಜಾಮ್‌ನ 2021ರ ವಿಷಯವನ್ನೇ ತೆಗೆದುಕೊಳ್ಳೋಣ: 'ಒಟ್ಟಿಗೆ ಜೋಡಿಸಿದ್ದು'. ಮೊದಲು ಹೊಳೆಯುವುದು ಹಗ್ಗಕ್ಕೆ ಕಟ್ಟಿದ ಇಬ್ಬರು ಗೆಳೆಯರು. ಅದು ಎಲ್ಲರಿಗೂ ಹೊಳೆಯುತ್ತದೆ, ಬಿಟ್ಟುಬಿಡಿ. ಅರ್ಧ ಗಂಟೆ ಎಲ್ಲರೂ ಚೀಟಿಯಲ್ಲಿ ಬರೆಯಿರಿ, ಆಮೇಲೆ ಓದಿ. ನಮ್ಮ ಕರಾವಳಿಯವರು ಯಾರಾದರೂ ತಂಡದಲ್ಲಿದ್ದರೆ ಕಂಬಳ ನೆನಪಾದೀತು. ಎರಡು ಕೋಣ, ಮೇಲೊಂದು ನೊಗ, ಕೆಸರಿನ ಕರೆ, ಅಂದರೆ ಓಟದ ಗದ್ದೆ. ಇಬ್ಬರು ಆಟಗಾರರು, ತಲಾ ಒಂದೇ ಕೀ. ಒಂದು ಕೋಣ ಮುಂದಾಗಿ ನೊಗ ಓರೆಯಾದರೆ ಜೋಡಿ ಮುಗ್ಗರಿಸುತ್ತದೆ. ಇಡೀ ಆಟವನ್ನು ಎರಡು ಸಾಲಿನಲ್ಲಿ ಹೇಳಿ ಮುಗಿಯಿತು. ಹೀಗೆ ಮುಗಿಯದ ಯೋಚನೆಯನ್ನು ಎತ್ತಿಕೊಳ್ಳಬೇಡಿ.

ಈಗ ಬಿಡುವ ಪಟ್ಟಿ ಬರೆಯಿರಿ: ಪ್ರೇಕ್ಷಕರು, ಅಂಕಪಟ್ಟಿ, ಕೋಣ ಆರಿಸುವ ಪರದೆ, ಎರಡನೇ ಕರೆ. ಇವನ್ನು ಗೋಡೆಗೆ ಅಂಟಿಸಿ. ಶನಿವಾರ ಮಧ್ಯಾಹ್ನ ಯಾರೋ ಹುಮ್ಮಸ್ಸಿನಿಂದ 'ಮಳೆಯೂ ಬರಲಿ' ಎಂದಾಗ ಜಗಳವಾಡದೆ ಅದೇ ಪಟ್ಟಿಗೆ ಸೇರಿಸಬಹುದು.

ಮೊದಲ ರಾತ್ರಿ

ಮಲಗುವ ಮೊದಲು ಎರಡು ಚೌಕಗಳು ಓಡಬೇಕು. ಚಿತ್ರ ಬೇಡ, ಸಂಗೀತ ಬೇಡ. ಒಂದು ಚೌಕ ಎಡ ಕೋಣ, ಇನ್ನೊಂದು ಬಲ ಕೋಣ. ಕರೆಯ ತುದಿ ಮುಟ್ಟಿದರೆ ಗೆಲುವು, ಮುಗ್ಗರಿಸಿದರೆ ಮತ್ತೆ ಶುರು. ಚೌಕಗಳಲ್ಲೇ ಆಟ ಖುಷಿ ಕೊಡದಿದ್ದರೆ ಎಷ್ಟು ಚೆಂದದ ಕೋಣ ಬರೆದರೂ ಕೊಡುವುದಿಲ್ಲ. ಆಮೇಲೆ ನಿದ್ದೆ ಮಾಡಿ. ನಿದ್ದೆಗೆಟ್ಟು ಬರೆದ ಕೋಡ್‌ನ ದೋಷ ಹುಡುಕುವುದರಲ್ಲೇ ಮರುದಿನ ಕಳೆಯುತ್ತದೆ.

ಶನಿವಾರ: ಕೆಲಸ ಹಂಚಿಕೊಳ್ಳಿ, ಹೊರಗಿನವರನ್ನು ಕೂರಿಸಿ

ಗೊಡೊದಲ್ಲಿ ಆಟದ ಒಂದೊಂದು ಭಾಗವನ್ನು ಸೀನ್ ಎಂಬ ಫೈಲಿನಲ್ಲಿ ಇಡುತ್ತಾರೆ, ಒಂದೇ ಸೀನ್ ಫೈಲನ್ನು ಇಬ್ಬರು ಒಟ್ಟಿಗೆ ಮುಟ್ಟಬೇಡಿ. ಗಿಟ್‌ನಲ್ಲಿ ಎರಡೂ ಬದಲಾವಣೆಗಳು ಡಿಕ್ಕಿಯಾದರೆ ಬಿಡಿಸುವುದು ಕಷ್ಟ. ಕೋಣಕ್ಕೊಂದು ಸೀನ್, ಕರೆಗೊಂದು, ಮೆನುಗೊಂದು ಮಾಡಿ ಹೆಸರು ಬರೆದು ಹಂಚಿ. ಸದ್ದಿಗೆ ಜೆಎಸ್‌ಎಫ್‌ಎಕ್ಸ್‌ಆರ್ ಬಳಸಿ. ಬ್ರೌಸರ್‌ನಲ್ಲೇ ಗುಂಡಿ ಒತ್ತಿದರೆ ಆಟದ ಸದ್ದುಗಳು ಹುಟ್ಟುತ್ತವೆ. ಅದರ ಮೂಲವಾದ ಎಸ್‌ಎಫ್‌ಎಕ್ಸ್‌ಆರ್ ಅನ್ನು 2007ರಲ್ಲಿ ಲುಡುಮ್ ಡೇರ್‌ಗೆಂದೇ ಬರೆದದ್ದು.

ಮಧ್ಯಾಹ್ನದೊಳಗೆ ತಂಡದ ಹೊರಗಿನ ಇಬ್ಬರನ್ನು ಕರೆತಂದು ಆಡಿಸಿ. ಈ ಹಂತವನ್ನು ಯಾವ ಕಾರಣಕ್ಕೂ ಬಿಡಬೇಡಿ. ಪಕ್ಕದಲ್ಲಿ ನಿಂತು ವಿವರಿಸಬಾರದು, ಬಾಯಿ ಬಿಗಿಹಿಡಿದು ಅವರ ಬೆರಳು ನೋಡಬೇಕು. ಯಾವ ಕೀ ಒತ್ತಬೇಕೆಂದು ತಡಕಾಡಿದರೆ ತಪ್ಪು ಪರದೆಯದು. ಮೂರು ಹೆಜ್ಜೆಗೇ ಬೀಳುತ್ತಿದ್ದರೆ ನೊಗ ಎಷ್ಟು ಓರೆಯಾದಾಗ ಮುಗ್ಗರಿಸಬೇಕು ಎಂಬ ಸಂಖ್ಯೆಯನ್ನು ಸಡಿಲಿಸಿ. ಇಂಥ ಆಟದ ಜೀವವಿರುವುದು ಆ ಒಂದು ಸಂಖ್ಯೆಯಲ್ಲೇ. ನೀವು ಆಗಲೇ ನೂರು ಸಲ ಆಡಿರುತ್ತೀರಿ, ನಿಮಗೆ ಸುಲಭವಾದದ್ದು ಅವರಿಗೆ ಅಸಾಧ್ಯವಾಗಿರಬಹುದು. ಬಿದ್ದ ಮೇಲೆ ಒಬ್ಬರಿಗೊಬ್ಬರು 'ನೀನು ಬೇಗ ಒತ್ತಿದೆ' ಎಂದು ಕೂಗಾಡಿ ಮತ್ತೆ ಆಡಲು ಕುಳಿತರೆ ದಾರಿ ಸರಿಯಿದೆ.

ಪರದೆಯ ಮಾತು ಕನ್ನಡದಲ್ಲೇ ಇರಲಿ ಎಂಬುದು ನನ್ನ ಆಸೆ. ಈಗ ಅದು ಕಷ್ಟವೂ ಅಲ್ಲ. 2023ರಲ್ಲಿ ಬಂದ ಗೊಡೊ 4ರಿಂದ ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆ. ನೋಟೊ ಸ್ಯಾನ್ಸ್ ಕನ್ನಡದಂಥ ಫಾಂಟನ್ನು ಪ್ರಾಜೆಕ್ಟ್‌ನೊಳಗೇ ಹಾಕಿ. ನಿಮ್ಮ ಕಂಪ್ಯೂಟರ್‌ನಲ್ಲಿ ಅದಿಲ್ಲದೆಯೂ ಅಕ್ಷರ ಕಂಡೀತು, ಬ್ರೌಸರ್‌ನಲ್ಲಿ ಮಾತ್ರ ಬರೀ ಖಾಲಿ ಚೌಕಗಳು.

ಭಾನುವಾರ: ಹೊಸದೇನೂ ಬೇಡ

ಮಧ್ಯಾಹ್ನದ ನಂತರ ದೋಷ ಸರಿಪಡಿಸುವುದಷ್ಟೇ ಕೆಲಸ. ಆಟ ಬ್ರೌಸರ್‌ನಲ್ಲೇ ನಡೆಯುವಂತಿರಲಿ, ಗೊತ್ತಿಲ್ಲದವರ ಫೈಲ್ ಇಳಿಸಿಕೊಂಡು ಆಡಲು ಜನ ಹಿಂಜರಿಯುತ್ತಾರೆ. ವೆಬ್‌ಗೆ ಎಕ್ಸ್‌ಪೋರ್ಟ್ ಮಾಡುವಾಗ, ಅಂದರೆ ಬ್ರೌಸರ್‌ನಲ್ಲಿ ಓಡುವ ಫೈಲುಗಳಾಗಿ ಹೊರತೆಗೆಯುವಾಗ, ಮುಖ್ಯ ಫೈಲಿನ ಹೆಸರು 'index.html' (ಇಂಡೆಕ್ಸ್.ಎಚ್‌ಟಿಎಂಎಲ್) ಆಗಿರಬೇಕು. ಜಿಪ್ ಮಾಡಿ ಆಟಗಳನ್ನು ಹಂಚಿಕೊಳ್ಳುವ ಇಚ್.ಐಒ (itch.io) ತಾಣಕ್ಕೆ ಏರಿಸಿ, ಬ್ರೌಸರ್‌ನಲ್ಲಿ ಆಡಿಸುವ ಆಯ್ಕೆಗೆ ಗುರುತು ಹಾಕಿ. ಎರಡು ಕಡೆ ಎಚ್ಚರವಿರಲಿ. ವಿಂಡೋಸ್‌ನಲ್ಲಿ ಫೈಲ್ ಹೆಸರಿನ ದೊಡ್ಡಕ್ಷರ, ಚಿಕ್ಕಕ್ಷರ ವ್ಯತ್ಯಾಸವಾದರೂ ನಡೆಯುತ್ತದೆ, ಎಕ್ಸ್‌ಪೋರ್ಟ್ ಆದ ಮೇಲೆ ಆ ಚಿತ್ರ ಕಾಣಿಸುವುದೇ ಇಲ್ಲ. ಇನ್ನೊಂದು, ಆಟಗಾರ ಒಮ್ಮೆ ಕ್ಲಿಕ್ ಮಾಡುವವರೆಗೆ ಬ್ರೌಸರ್ ಸದ್ದನ್ನು ತಡೆದಿಡುತ್ತದೆ, ಹಾಗಾಗಿ ಮೊದಲ ಪರದೆಯಲ್ಲಿ 'ಶುರು' ಗುಂಡಿ ಇಡಿ.

ಗಡುವಿಗೆ ಮೂರು ಗಂಟೆ ಇರುವಾಗಲೇ ಒಮ್ಮೆ ಸಲ್ಲಿಸಿಬಿಡಿ. ಆಮೇಲೆ ಸುಧಾರಿಸಿದ್ದನ್ನು ಅದರ ಮೇಲೇ ಏರಿಸಬಹುದು, ಕೊನೆಯ ಗಳಿಗೆಯಲ್ಲಿ ಇಂಟರ್ನೆಟ್ ಕೈಕೊಟ್ಟರೂ ಆಟ ಅಲ್ಲಿರುತ್ತದೆ. ಪುಟದಲ್ಲಿ ಕೀಗಳ ವಿವರ, ಒಂದು ಚಿತ್ರ, ತಂಡದ ಎಲ್ಲರ ಹೆಸರು, ಬೇರೆಯವರ ಫಾಂಟು, ಸದ್ದು ಬಳಸಿದ್ದರೆ ಅವರ ಹೆಸರೂ ಇರಬೇಕು. ಸೋಮವಾರದಿಂದ ಬೇರೆ ತಂಡಗಳ ಆಟ ಆಡಿ, ಎರಡು ಸಾಲು ಅಭಿಪ್ರಾಯ ಬರೆಯಿರಿ. ಲುಡುಮ್ ಡೇರ್‌ನಲ್ಲಿ ಆಟಕ್ಕೆ ಶ್ರೇಯಾಂಕ ಸಿಗಬೇಕಾದರೆ 20 ಜನರಾದರೂ ಅಂಕ ಕೊಟ್ಟಿರಬೇಕು, ಅಷ್ಟು ಜನ ನಿಮ್ಮ ಆಟಕ್ಕೆ ಬರುವುದು ನೀವು ಅವರ ಆಟಕ್ಕೆ ಹೋದಾಗ.